ಶ್ಯಾವಿಗೆ ಬುಟ್ಟಿಯಲ್ಲಿ ಬಂದ ಸೀರೆಗಳು

ಆಗೆಲ್ಲ ನಮ್ಮೂರು ಸೊಕ್ಕೆಯಲ್ಲಿ ಶ್ಯಾವಿಗೆಯನ್ನು ಯಾರೂ ಒಬ್ಬರೇ ಹೊಸೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ಕೇರಿಯ ಹೆಂಗಸರು ಇವತ್ತು ಒಬ್ಬರ ಅಂಗಳ, ನಾಳೆ ಇನ್ನೊಬ್ಬರದು ಎಂದು ಪಾಳಿಯ ಮೇಲೆ ಕೂರುತ್ತಿದ್ದರು. ಹೊಸೆದದ್ದೆಲ್ಲ ಬುಟ್ಟಿಗಳಲ್ಲಿ ಬಂದು ನಮ್ಮ ಮಾಳಿಗೆಯ ಮೇಲೆ ಒಣಗುತ್ತಿತ್ತು. ಗೋಧಿ ಹಿಟ್ಟಿನ ವಾಸನೆಗೆ ನಾವು ಹುಡುಗಿಯರು ಕುಂಟೆಬಿಲ್ಲೆ ಬಿಟ್ಟು ಓಡಿಬಂದು, ಹಸಿ ಹಿಟ್ಟು ಕದ್ದು ತಿಂದು ಬೈಸಿಕೊಳ್ಳುತ್ತಿದ್ದೆವು.

ನನಗೆ ಹತ್ತು ವರ್ಷ. ಅವ್ವನ ಗೆಳತಿ ರುದ್ರಕ್ಕ ಅವತ್ತು ಒಂದೇ ಕೈಯಲ್ಲಿ ಹೊಸೆಯುತ್ತಿದ್ದಳು. ಇನ್ನೊಂದು ಕೈ ಊದಿತ್ತು. ಎಲ್ಲರೂ ನೋಡಿದ್ದರು, ಯಾರೂ ಕೇಳಿರಲಿಲ್ಲ. ನಾನು ಕೇಳಿಬಿಟ್ಟೆ.

"ರುದ್ರಕ್ಕಾ, ನಿನ್ ಗಂಡ ಹೊಡೆದ್ನಾ?"

ಅವಳ ಅತ್ತೆ ಅಲ್ಲೇ ಇದ್ದಳು. "ಬಾವಿ ತಾವ ಬಿದ್ಲು. ಈ ಹುಡುಗಿ ನಾಲಿಗೆ ಬಲು ಉದ್ದ ಐತೆ."

ಮರುದಿನ ರುದ್ರಕ್ಕನ ತುಟಿಯೂ ಒಡೆದಿತ್ತು.

ಅವ್ವ ನನ್ನನ್ನು ಬೈಯಲಿಲ್ಲ. "ಕೇಳಿದ್ದು ತಪ್ಪಲ್ಲ. ಆ ಮುದುಕಿ ಮುಂದೆ ಕೇಳಿದ್ದು ತಪ್ಪು. ನೀ ಆಡಿದ್ದಕ್ಕೆ ಅವಳು ಏಟು ತಿಂದ್ಲು," ಎಂದಳು ಅಷ್ಟೇ.

ನಮ್ಮ ಪಾಳಿಯ ದಿನ ಅವ್ವ ಅವಳೊಬ್ಬಳನ್ನೇ ಅಡುಗೆಮನೆಗೆ ಕರೆದಳು. ನಾನು ಒಲೆಯ ಮುಂದಿದ್ದೆ.

"ಬಿದ್ದೆ ಕಣೆ," ಎಂದಳು ರುದ್ರಕ್ಕ.

"ಆತು ಬಿಡು, ಬಿದ್ದಿ. ನಮ್ಮನೆ ಬಾಗಿಲು ಮಾತ್ರ ತೆಗೆದೇ ಇರ್ತೈತೆ."

ರುದ್ರಕ್ಕ ಬಾಗಿಲ ಕಡೆ ನೋಡಿ, "ಹೋಗಾಕೆ ಗಂಟು ಕಟ್ಟಿದ್ರೆ ಅತ್ತೆಗೆ ಗೊತ್ತಾಗ್ತೈತೆ," ಎಂದಳು.

"ಗಂಟ್ಯಾಕೆ? ಬುಟ್ಟಿ ಐತಲ್ಲ."

ಅಲ್ಲಿಂದ ದಿನಾ ಒಂದೊಂದು ಸೀರೆ ಶ್ಯಾವಿಗೆಯ ಅಡಿಯಲ್ಲಿ ನಮ್ಮ ಮನೆಗೆ ಬಂತು. ಅವಳ ಗಂಡುಮಗುವಿನ ಅಂಗಿಗಳೂ ಬಂದವು. ಹೆಂಗಸರ ಶ್ಯಾವಿಗೆ ಬುಟ್ಟಿಗೆ ಗಂಡಸರು ಕೈಹಾಕುತ್ತಿರಲಿಲ್ಲ. ಅತ್ತೆಗೂ ಅನುಮಾನ ಬರಲಿಲ್ಲ. ಅವ್ವ ಒಮ್ಮೆಯೂ ರುದ್ರಕ್ಕನಿಗೆ ಹೋಗು ಎನ್ನಲಿಲ್ಲ. "ಯಾವತ್ತು ಅಂತ ನೀನೇ ಹೇಳು," ಎನ್ನುತ್ತಿದ್ದಳು.

ಕೊನೆಯ ಪಾಳಿಯ ದಿನ ಮಟಮಟ ಮಧ್ಯಾಹ್ನ ರುದ್ರಕ್ಕ ಬಂದು, "ಇವತ್ತು," ಎಂದಳು. ಅವ್ವ ಅವಳನ್ನೂ ಮಗುವನ್ನೂ ಬಸ್ಸು ಹತ್ತಿಸಿದಳು. ಚನ್ನಗಿರಿಯಲ್ಲಿ ಅವಳ ಅಕ್ಕ ಇದ್ದಳು.

ಸಂಜೆ ಅವಳ ಗಂಡ ಕೂಗಾಡುತ್ತಾ ನಮ್ಮ ಬಾಗಿಲಿಗೆ ಬಂದ. "ಎಲ್ಲಿ ನನ್ ಹೆಂಡ್ತಿ? ನಿಂಗೆ ಗೊತ್ತೈತೆ!"

"ಗೊತ್ತೈತೆ. ಹೇಳಲ್ಲ," ಎಂದಳು ಅವ್ವ. ಅವಳ ಹಿಂದೆ ಕೇರಿಯ ಹೆಂಗಸರೆಲ್ಲ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದರು. ಅವನು ಹೋದ. ರುದ್ರಕ್ಕ ಚನ್ನಗಿರಿಯಲ್ಲೇ ಅಡಿಕೆ ಸುಲಿದು ಮಗನನ್ನು ಬೆಳೆಸಿದಳು.

ಈಗ ಶ್ಯಾವಿಗೆ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ನಾನು ಅಳುವುದಿಲ್ಲ, ಸೊಂಟ ಉಳಿಯಿತು. ಆದರೆ ಇನ್ನೊಬ್ಬಳ ಮನೆಯಲ್ಲಿ ದಿನವೆಲ್ಲ ಕೂರಲು ಇದ್ದ ನೆಪ ಹೋಯಿತು. ನನ್ನ ಮೊಮ್ಮಗಳ ಗೆಳತಿಯೊಬ್ಬಳು ಮದುವೆಯಾದ ಮೇಲೆ ಫೋನಿನಲ್ಲಿ "ಚೆನ್ನಾಗಿದೀನಿ" ಎಂದು ಹೇಳಿ ಬೇಗ ಇಡುತ್ತಾಳಂತೆ. ಹೋಗಿ ನೋಡು ಎಂದೆ.

"ಕರೀದೆ ಹೆಂಗಜ್ಜಿ ಹೋಗೋದು?"

ನಮ್ಮ ಕೇರಿಯಲ್ಲಿ ಈ ಮಾತನ್ನು ಯಾರೂ ಆಡಿದ್ದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಮೊಮ್ಮಗಳನ್ನು ನಾನೇ ಕರೆದುಕೊಂಡು ಆ ಗೆಳತಿಯ ಮನೆಗೆ ಹೊರಟಿದ್ದೇನೆ.