ಅಜ್ಜಿಯ ಧಾರೆ ಸೀರೆಯ ಬೆಳ್ಳಿ

ನಮ್ಮವ್ವ ಬ್ಯಾಂಕನ್ನು ನಂಬುತ್ತಿರಲಿಲ್ಲ. ಚೀಟಿ ನಡೆಸುವವರನ್ನು ಕಂಡರಂತೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಅವಳು ನಂಬಿದ್ದು ಬೆಳ್ಳಿಯೊಂದನ್ನೇ. ಚಿನ್ನ ಕೊಳ್ಳುವ ತಾಕತ್ತು ನಮಗಿರಲಿಲ್ಲ, ಅದನ್ನು ಬಾಯಿಬಿಟ್ಟು ಒಪ್ಪುವವಳೂ ಅವಳಲ್ಲ. 'ಚಿನ್ನ ಕಳ್ಳರ ಕಣ್ಗೆ ಬೀಳ್ತದೆ' ಅಂತ ಜಾರಿಕೊಳ್ಳುತ್ತಿದ್ದಳು. ಡೈರಿಗೆ ಹಾಲು ಹಾಕಿ ಬಂದ ದುಡ್ಡಿನಲ್ಲಿ ಅಷ್ಟಿಷ್ಟು ಉಳಿಸಿ, ಚಿನಕುರಳಿಯ ಹತ್ತಿರದ ನಮ್ಮೂರಿನಿಂದ ಪಾಂಡವಪುರಕ್ಕೆ ಬಸ್ಸಿನಲ್ಲಿ ಹೋಗಿ, ಅರ್ಧ ತೊಲವೋ ಒಂದು ತೊಲವೋ ತಂದು ಖಾಲಿ ಪೌಡರ್ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಅದರಲ್ಲಿ ರಾಣಿಯ ತಲೆಯಿದ್ದ ಎರಡು ಹಳೇ ಬೆಳ್ಳಿ ರೂಪಾಯಿ, ನಾನು ಕೂಸಾಗಿದ್ದಾಗಿನ ತುಂಡಾದ ಉಡಿದಾರ, ಜೊತೆ ಕಳೆದುಕೊಂಡ ಒಂದು ಕಾಲುಂಗುರ ಇದ್ದವು.

ಡಬ್ಬಿಗಿಂತ ದೊಡ್ಡ ಆಸ್ತಿ ಟ್ರಂಕಿನಲ್ಲಿತ್ತು. ಅದು ಅಜ್ಜಿಯ, ಅಂದರೆ ಅವ್ವನ ಅವ್ವನ, ಧಾರೆ ಸೀರೆ. ನಾಗಮಂಗಲದ ಕಡೆಯ ಅವ್ವನ ತೌರಿನಲ್ಲಿ ಅಜ್ಜಿ ತೀರಿಕೊಂಡಾಗ ಗದ್ದೆ, ತೆಂಗು ಎಲ್ಲ ಸೋದರಮಾವಂದಿರ ಪಾಲಾದವು. ಅವ್ವನಿಗೆ ಬಂದದ್ದು ಆ ಸೀರೆಯೊಂದೇ. ಅಜ್ಜಿ ಉಸಿರಿರುವಾಗಲೇ ಅದನ್ನು ಮಗಳ ಮಡಿಲಿಗೆ ಹಾಕಿ, 'ಇದ್ರಲ್ಲಿ ಅತ್ತು ತೊಲ ಬೆಳ್ಳಿ ಐತೆ ಕಣವ್ವ, ಕಷ್ಟ ಬಂದಾಗ ಸುಟ್ಟು ತಗೋ' ಅಂದಿದ್ದಳಂತೆ. ಹಳೇ ಜರಿ ಸೀರೆಯನ್ನು ಸುಟ್ಟರೆ ರೇಷ್ಮೆ ಬೂದಿಯಾಗಿ ಬೆಳ್ಳಿ ಉಳಿಯುತ್ತದೆ. ಅಂಥ ಸೀರೆ ಕೊಳ್ಳಲು ಕೂಗಿಕೊಂಡು ಬರುವವರು ಆಗ ನಮ್ಮ ಬೀದಿಗೂ ಬರುತ್ತಿದ್ದರು. ಅವ್ವ ಅವರನ್ನು ಜಗಲಿ ಹತ್ತಿಸುತ್ತಿರಲಿಲ್ಲ. 'ನಮ್ಮಣ್ಣದೀರ್ಗೆ ಗದ್ದೆ, ನಂಗೆ ಬೆಳ್ಳಿ' ಎಂದು ಪಕ್ಕದ ಮನೆಯವರಿಗೆ ಹೇಳುವಾಗ ಅವಳ ಕತ್ತು ಒಂದು ಇಂಚು ಉದ್ದವಾಗುತ್ತಿತ್ತು.

ಬದನೆಕಾಯಿ ಬಣ್ಣದ ಸೀರೆ, ಅಂಗೈಯಗಲದ ಅಂಚು, ಸೆರಗಿನ ತುಂಬ ಮಾವಿನಕಾಯಿ ಬುಟ್ಟ. ವರ್ಷಕ್ಕೊಂದು ಸಲ ನೆರಳಿನಲ್ಲಿ ಹರವುತ್ತಿದ್ದಳು. ಒಂದು ತುದಿ ಹಿಡಿದುಕೊಳ್ಳುವ ಕೆಲಸ ನನ್ನದು. ಮಡಿಸುವ ಮುಂಚೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ನಿಂತುಬಿಡುವಳು. ನನಗೆ ಡಾಂಬರು ಗುಳಿಗೆಯ ವಾಸನೆ ಬಿಟ್ಟು ಇನ್ನೇನೂ ಸಿಗುತ್ತಿರಲಿಲ್ಲ. ಜರಿ ಕಪ್ಪಾಗಿದೆಯಲ್ಲ ಎಂದರೆ, 'ಅಳೇ ಬೆಳ್ಳಿ ಕಪ್ಪಾಗ್ದೆ ಇನ್ನೇನಾಯ್ತದೆ' ಎಂದು ನನ್ನನ್ನೇ ಗದರುವಳು.

ತೊಂಬತ್ತರ ದಶಕದ ಶುರುವಿನಲ್ಲಿ ಕೆ.ಆರ್. ಪೇಟೆ ಕಡೆಯ ಮನೆಗೆ ನನ್ನ ಮದುವೆ ಗೊತ್ತಾಯಿತು. ದೊಡ್ಡಪ್ಪನ ಮಗಳಿಗೆ ಮೂರೆಳೆಯ ಕಾಲ್ಗೆಜ್ಜೆ ಹಾಕಿದ್ದರು. ನನಗೂ ಅಂಥದ್ದೇ ಬೇಕೆಂದು ಹಟ ಹಿಡಿದೆ. ಎರಡು ದಿನ ಊಟ ಬಿಟ್ಟೆ. ಬಿಟ್ಟೆ ಅನ್ನುವುದೂ ಸುಳ್ಳು, ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ತಿನ್ನುತ್ತಿದ್ದೆ. ಅಂಥ ಕತ್ತೆ ನಾನು. ಡಬ್ಬಿಯಲ್ಲಿದ್ದ ಬೆಳ್ಳಿ ಎಲ್ಲ ಸೇರಿದರೂ ಒಂದು ಕಾಲಿಗೂ ಸಾಲುವಂತಿರಲಿಲ್ಲ. ಮೂರನೆಯ ದಿನ ಬೆಳಗ್ಗೆ ಅವ್ವ ಟ್ರಂಕು ತೆಗೆದಳು.

ಪಾಂಡವಪುರದಲ್ಲಿ ಅವಳಿಗೆ ಬೆಳ್ಳಿ ಕೊಡುತ್ತಿದ್ದ ಅಕ್ಕಸಾಲಿ ವಯಸ್ಸಾದ, ಸಮಾಧಾನದ ಮನುಷ್ಯ. ಸೀರೆ ನೋಡಿದವರೇ, 'ಒಂದೆಳೆ ಕಿತ್ಕೊಡವ್ವ, ಕಲ್ಲಿಗೆ ಉಜ್ಜಿ ನೋಡ್ತೀನಿ' ಅಂದರು.

'ನೋಡೋದೇನಾಚಾರ್ರೆ? ನಮ್ಮವ್ವನ ಧಾರೆ ಸೀರೆ ಇದು.'

'ನೋಡೋದು ವಾಡಿಕೆ ಕಣವ್ವ.'

'ನಮ್ಮವ್ವನ್ನ ಪರೀಕ್ಷೆ ಮಾಡ್ತೀರಾ? ಸುಡಿ ನೀವು.' ಅವಳ ಮುಖ ಕೆಂಪಗಾಗಿತ್ತು. ಬೇರೆಯವರ ಬೆಳ್ಳಿಯನ್ನು ಹತ್ತು ಸಲ ಉಜ್ಜಿಸಿ, ತೂಗಿಸಿ, ಚೌಕಾಸಿ ಮಾಡಿ ತರುವವಳು ನಮ್ಮವ್ವ.

ಅವರು ಅಂಚನ್ನೂ ಸೆರಗನ್ನೂ ಕತ್ತರಿಸಿಕೊಂಡು, ಒಡಲನ್ನು ಮಡಿಸಿ ಅವ್ವನ ಕೈಗೆ ಕೊಟ್ಟರು. ಕಬ್ಬಿಣದ ಬಾಣಲೆಯಲ್ಲಿ ಜರಿಗೆ ಬೆಂಕಿ ಹತ್ತಿತು. ಕೂದಲು ಸುಟ್ಟ ವಾಸನೆ ಬಂತು. ಬೂದಿಯನ್ನು ತೊಳೆದು, ಉಳಿದದ್ದನ್ನು ಮೂಸೆಯಲ್ಲಿ ಹಾಕಿ ಕೆಂಡದ ಮೇಲಿಟ್ಟು ಊದತೊಡಗಿದರು. ನಾನು ಮೂರೆಳೆಯ ಗೆಜ್ಜೆಗೆ ಎಷ್ಟು ಗುಂಡು ಬರಬಹುದೆಂದು ಯೋಚಿಸುತ್ತಿದ್ದೆ. ಉರಿಯ ಅಂಚು ಹಸಿರಾಯಿತು. ಆಚಾರ್ರು ಊದುವುದನ್ನು ನಿಲ್ಲಿಸಿ ಅವ್ವನ ಕಡೆ ನೋಡಿದರು.

'ತಾಮ್ರ ಕಣವ್ವ. ಮೇಲೆ ವಸಿ ಬೆಳ್ಳಿ ನೀರು ಕುಡಿಸವ್ರೆ, ಅಷ್ಟೇಯ.'

ಆರಿದ ಮೇಲೆ ಒಂದು ಕೆಂಪು-ಕಪ್ಪು ಉಂಡೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ. ಡಬ್ಬಿಯ ಬೆಳ್ಳಿಯಲ್ಲಿ ಆಗುವಷ್ಟು ಕಾಲಿಗೆ ಸಣ್ಣ ಚೈನು ಮಾಡಿಕೊಡುವುದಾಗಿ ಒಪ್ಪಿದರು.

ಈಗ ನನಗೆ ಬೆಳ್ಳಿಗೆ ಬರವಿಲ್ಲ. ತಟ್ಟೆ, ಲೋಟ, ದೀಪ, ಮೂರೆಳೆಯದೇ ಗೆಜ್ಜೆ, ಎಲ್ಲ ಬೀರುವಿನಲ್ಲಿವೆ. ಅವ್ವ ಹೋಗಿ ಬಹಳ ಕಾಲವಾಯಿತು. ಶ್ರೀರಂಗಪಟ್ಟಣಕ್ಕೋ ಮೈಸೂರಿಗೋ ಹೋದಾಗ ಸೀರೆ ಅಂಗಡಿಯಲ್ಲಿ ಬದನೆಕಾಯಿ ಬಣ್ಣ ಕಂಡರೆ ಸೆರಗು ಬಿಚ್ಚಿಸಿ ನೋಡುತ್ತೇನೆ. ಕೊಳ್ಳುವುದಿಲ್ಲ, ಅಂಗಡಿಯವರು ಬೈದುಕೊಳ್ಳುತ್ತಾರೆ. ನನಗೆ ಬೇಕಾದದ್ದು ತಾಮ್ರದ ಜರಿಯ ಆ ಸೀರೆ. ಅದರ ಒಂದು ತುದಿ ನಾನು ಹಿಡಿದು, ಇನ್ನೊಂದು ತುದಿಯಲ್ಲಿ ಅವ್ವ ನಿಂತಿರಬೇಕು. ಇಷ್ಟು ವಯಸ್ಸಾದ ಮೇಲೂ ಈ ಆಸೆ ಹೋಗಿಲ್ಲ.

ಅವತ್ತು ಪಾಂಡವಪುರದಿಂದ ವಾಪಸು ಬರುವಾಗ ಬಸ್ಸು ಕಬ್ಬಿನ ಗಾಡಿಗಳ ಹಿಂದೆ ತೆವಳುತ್ತಿತ್ತು. ಅವ್ವ ಅಂಚಿಲ್ಲದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನಗೆ ಗೆಜ್ಜೆ ಬೇಡ ಎಂದೆ.

'ನಮ್ಮವ್ವಂಗೂ ಗೊತ್ತಿರ್ನಿಲ್ಲ ಕಣ್ ಮಗ. ಗೊತ್ತಿದ್ರೆ ಅಷ್ಟು ಆಸೆಯಿಂದ ಕೊಡ್ತಿರ್ನಿಲ್ಲ,' ಅಂದಳು. ಸೀರೆಯ ಮಡಿಕೆ ಸರಿಮಾಡುತ್ತಾ, 'ಸುಡ್ದೆ ಇದ್ದಿದ್ರೆ ಬೆಳ್ಳಿಯಾಗೇ ಇರ್ತಿತ್ತು. ನಿಮ್ಮಾವ್ದೀರ್ಗೆ ಮಾತ್ರ ಏಳ್ಬೇಡ.'

ಮದುವೆಯ ದಿನ ದೊಡ್ಡ ಸೋದರಮಾವ ನನ್ನ ಕಾಲಿನ ದಾರದಂಥ ಚೈನನ್ನು ನೋಡಿ, 'ಇಷ್ಟೇನಾ? ಅವ್ವನ ಸೀರೆ ಬೆಳ್ಳಿ ಏನಾಯ್ತು?' ಎಂದು ಎಲ್ಲರ ಮುಂದೆ ಕೇಳಿದರು. ಅವ್ವ ಎಲೆ ಅಡಿಕೆ ತಟ್ಟೆ ಹಿಡಿದುಕೊಂಡೇ ಹೇಳಿದಳು: 'ಮಿಕ್ಕಿದ್ನ ನಾಳೆ ಬರೋ ಮೊಮ್ಮಗೀಗೆ ಅಂತ ಮಡಗಿವ್ನಿ ಕಣಣ್ಣ.'

ಮಾವ ತಲೆ ಅಲ್ಲಾಡಿಸಿದರು. 'ಏನೇ ಏಳು, ನಮ್ಮವ್ವ ನಮಗಿಂತ ನಿಂಗೇ ಜಾಸ್ತಿ ಕೊಟ್ಬುಟ್ಲು.'

'ಊಂ ಕಣಣ್ಣ, ನಂಗೇ ಜಾಸ್ತಿ ಕೊಟ್ಲು,' ಎಂದು ಅವ್ವ ನಕ್ಕು, ತಟ್ಟೆಯನ್ನು ಅವರ ಮುಂದೆ ಹಿಡಿದಳು.