ಗೂಡಿನ ಬಾಯಿ ಯಾವ ಕಡೆಗೆ

ಹಕ್ಕಿಗಳ ಅಧ್ಯಯನಕ್ಕೆ ಇಳಿದವರು ಸಾಮಾನ್ಯವಾಗಿ ರೆಕ್ಕೆಯಿಂದ ಆರಂಭಿಸುತ್ತಾರೆ. ಈ ತಿಂಗಳು ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಿಂದ ನಿವೃತ್ತರಾಗುತ್ತಿರುವ ಪ್ರಾಧ್ಯಾಪಕಿ ಆರಂಭಿಸಿದ್ದು ಒಣಮರದಿಂದ. ಹಾರುವ ಹಕ್ಕಿಯ ಸೊಬಗನ್ನು ಬಣ್ಣಿಸಿದವರು ಅನೇಕರಿದ್ದಾರೆ. ಬುಡಕ್ಕೆ ಗೆದ್ದಲು ಹಿಡಿದ, ತೊಗಟೆ ಸುಲಿದ, ಸೌದೆಗೂ ಬೇಡವೆಂದು ಬಿಟ್ಟ ಮರದ ಮುಂದೆ ಮಡಚುವ ಸ್ಟೂಲು ಹಾಕಿಕೊಂಡು ಕುಳಿತು, ಅದರೊಳಗಿನ ಸಂಸಾರವನ್ನು ತಾಳ್ಮೆಯಿಂದ ಓದಿದವರು ಕಡಿಮೆ. ಮರಕುಟಿಗಗಳು ಎಲ್ಲಿ ನೆಲೆಸುತ್ತವೆ, ಯಾವ ಮರವನ್ನು ಆರಿಸುತ್ತವೆ, ಗಂಡು ಹೆಣ್ಣು ಮನೆಗೆಲಸವನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬುದನ್ನು ಇಂದು ನಮ್ಮ ವಿದ್ಯಾರ್ಥಿಗಳು ಸಲೀಸಾಗಿ ಹೇಳುತ್ತಾರಾದರೆ, ಆ ಸಲೀಸಿನ ಹಿಂದೆ ಈ ಪ್ರಾಧ್ಯಾಪಕಿಯ ಬೆನ್ನುನೋವಿದೆ.

ವಿಭಾಗಕ್ಕೆ ಮೇಡಂಗಳು ಹಲವರು ಬಂದರು, ಹೋದರು. ಆದರೆ ಹಿಂದೆ ಮುಂದೆ ಏನೂ ಸೇರಿಸದೆ ಬರಿಯ ‘ಮೇಡಂ’ ಎಂದರೆ ಅವರೊಬ್ಬರೇ. ಈ ಲೇಖನದಲ್ಲೂ ಹಾಗೆಯೇ ಇರಲಿ.

ಹೊಸದಾಗಿ ಕೆಲಸಕ್ಕೆ ಸೇರಿದಾಗ ಮೇಡಂ ಕೇಳಿ ಪಡೆದದ್ದು ಎಲ್ಲರೂ ಬೇಡವೆಂದ ಕೋಣೆಯನ್ನು. ಉದ್ದನೆಯ ಕಾರಿಡಾರಿನ ತುದಿಯಲ್ಲಿ, ವಸ್ತುಸಂಗ್ರಹದ ಪಕ್ಕದಲ್ಲಿ, ಫಾರ್ಮಲಿನ್ ವಾಸನೆ ಗೋಡೆಗೇ ಹತ್ತಿಕೊಂಡಿದ್ದ ಕೋಣೆ ಅದು. ಮುರಿದ ಬೆಂಚುಗಳನ್ನು ಪೇರಿಸಿಟ್ಟ ಹಿತ್ತಿಲು, ಕಾಂಪೌಂಡ್ ಗೋಡೆ, ದೀಪವಿಲ್ಲದ ಹಳೆಯ ಕಬ್ಬಿಣದ ದೀಪದ ಕಂಬ, ಅದರ ಪಕ್ಕ ಒಂದು ಸತ್ತ ಮರ: ಕಿಟಕಿ ತೆರೆದರೆ ಕಾಣುತ್ತಿದ್ದುದು ಇಷ್ಟೇ. ಇತರರು ಮುಂಭಾಗದ ಹೂದೋಟದ ಕಡೆಯ ಕೋಣೆಗಾಗಿ ಅರ್ಜಿ ಹಾಕುತ್ತಿದ್ದ ಕಾಲದಲ್ಲಿ ಮೇಡಂ ಆ ಕಿಟಕಿಗೆ ಮುಖ ಮಾಡಿ ಮೇಜು ಹಾಕಿಸಿಕೊಂಡರು.

ಅವರ ಮೊದಲ ಪಾಠವನ್ನು ಕೇಳಿದವರು ಮರೆತಿರಲಾರರು. ಎಲ್ಲರೂ ಉದ್ದ ಮೇಜಿನ ಮೇಲೆ ಕಿವಿಯಿಟ್ಟು ಕುಳಿತುಕೊಳ್ಳಬೇಕು. ಅವರು ಇನ್ನೊಂದು ತುದಿಯಲ್ಲಿ ಪೆನ್ಸಿಲಿನಿಂದ ಕುಟ್ಟುತ್ತಿದ್ದರು. ಮರಕುಟಿಗ ಕುಟ್ಟುವುದೆಲ್ಲ ಊಟಕ್ಕಲ್ಲ, ಆ ಒಂದೇ ಸಮನೆಯ ಬಡಿತ ಅದರ ಮಾತು, ‘ಇದು ನನ್ನ ಜಾಗ’ ಎಂಬ ಘೋಷಣೆ ಎಂದು ಹೀಗೆ ಕಿವಿಯಿಂದಲೇ ತಿಳಿಸಿಕೊಟ್ಟರು. ಸೆಟೆದ ಬಾಲವನ್ನು ಮೂರನೆಯ ಕಾಲಿನಂತೆ ಊರುವುದು, ಬೆರಳುಗಳು ಎರಡು ಮುಂದಕ್ಕೆ ಎರಡು ಹಿಂದಕ್ಕೆ ಇರುವುದು, ನಾಲಿಗೆಯ ಬೇರು ತಲೆಬುರುಡೆಯನ್ನು ಸುತ್ತಿ ಬಂದಿರುವುದು, ಎಲ್ಲವೂ ಅವರ ಬಾಯಲ್ಲಿ ಮನೆಯವರ ಸುದ್ದಿಯಂತೆ ಬರುತ್ತಿತ್ತು. ಕಂದು ಮರಕುಟಿಗ ಮರದ ಮೇಲಿನ ಇರುವೆಗೂಡನ್ನೇ ಕೊರೆದು ಅದರೊಳಗೆ ಮೊಟ್ಟೆಯಿಡುತ್ತದೆ ಎಂದಾಗ ತರಗತಿ ನಂಬಲಿಲ್ಲ. “ಅಡುಗೆಮನೆಯಲ್ಲೇ ಬಾಣಂತಿ ಕೋಣೆ ಮಾಡ್ಕೊಂಡಿದೆ, ಅಷ್ಟೇ,” ಎಂದು ಮುಂದಕ್ಕೆ ಹೋದರು.

ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ:

“ಮೇಡಂ, ದಿನವಿಡೀ ಹಾಗೆ ಕುಟ್ಟಿದ್ರೆ ಅದಕ್ಕೆ ತಲೆ ನೋಯಲ್ವಾ?”

“ನಿಮ್ಮ ಉತ್ತರಪತ್ರಿಕೆ ಓದೋ ಕೆಲಸ ಅದಕ್ಕಿಲ್ಲವಲ್ಲಪ್ಪ.”

ಅವರ ಯಜಮಾನರು ಹಲ್ಲಿನ ವೈದ್ಯರು. ಒಬ್ಬರು ತೂತು ಮುಚ್ಚುವವರು, ಇನ್ನೊಬ್ಬರು ತೂತು ಕಂಡರೆ ಹಿಗ್ಗುವವರು; ಸಂಸಾರ ಹೇಗೆ ನಡೆಯುತ್ತದೋ ಎಂದು ಮೇಡಂ ಅವರ ಅತ್ತೆ ನಗುತ್ತಿದ್ದರಂತೆ. ಸಂಸಾರ ಚೆನ್ನಾಗಿಯೇ ನಡೆಯಿತು, ವಿಜ್ಞಾನಕ್ಕೂ ಅದರಿಂದ ಉಪಕಾರವಾಯಿತು. ಬಾಯೊಳಗೆ ನೋಡುವ ಪುಟ್ಟ ಕನ್ನಡಿಯನ್ನು ಪರದೆಯ ಕೋಲಿನ ತುದಿಗೆ ಕಟ್ಟಿ, ಜೊತೆಗೆ ಟಾರ್ಚಿನ ಬಲ್ಬು ಸೇರಿಸಿ, ಪೊಟರೆಯೊಳಗೆ ಇಣುಕುವ ಉಪಕರಣವನ್ನು ಮೇಡಂ ಮನೆಯಲ್ಲೇ ಮಾಡಿಕೊಂಡಿದ್ದರು. ಹುಲ್ಲಿಲ್ಲ, ನಾರಿಲ್ಲ, ಮರದ ಚೂರುಗಳ ಮೇಲೆ ಬರಿಯ ಬಿಳಿ ಮೊಟ್ಟೆಗಳು ಮಲಗಿರುವುದನ್ನು ವಿದ್ಯಾರ್ಥಿಗಳ ಎಷ್ಟೋ ತಂಡಗಳು ಮೊದಲು ಕಂಡದ್ದು ಆ ಕನ್ನಡಿಯಲ್ಲಿ. ಅದರ ಇನ್ನೊಂದು ಮುಖವನ್ನು ಕಂಡವರು ಅವರ ಮನೆಗೆ ಹೋದವರು ಮಾತ್ರ.

“ಏನೇ, ನನ್ನ ಕನ್ನಡಿ ಮತ್ತೆ ಕಾಣ್ತಿಲ್ಲ?”

“ಹಳೇದು ತಗೊಂಡಿದೀನಿ ರೀ.”

“ನಿನ್ನ ಹಕ್ಕಿಗೆ ಹಲ್ಲೇ ಇಲ್ಲವಲ್ಲೇ!”

“ಅದಕ್ಕೇ ಅವು ನಿಮ್ಮ ಹತ್ರ ಬರಲ್ಲ.”

ಮೇಡಂ ಮಾಡಿದ ಉಪಕಾರಗಳು ಸದ್ದು ಮಾಡಿದವಲ್ಲ. ಸ್ನಾತಕೋತ್ತರ ತರಗತಿಯ ಒಬ್ಬ ವಿದ್ಯಾರ್ಥಿ ಹೊಂಬೆನ್ನಿನ ಮರಕುಟಿಗದ ಗಂಡನ್ನು ಹೆಣ್ಣೆಂದೂ ಹೆಣ್ಣನ್ನು ಗಂಡೆಂದೂ ಪದೇ ಪದೇ ಬರೆದು ತರುತ್ತಿದ್ದ. ಗಂಡಿಗೆ ನೆತ್ತಿಯೆಲ್ಲ ಕೆಂಪು. ಹೆಣ್ಣಿಗೆ ಹಣೆಯ ಮೇಲ್ಭಾಗ ಕಪ್ಪು. ಇಷ್ಟು ಸುಲಭದ ವ್ಯತ್ಯಾಸ ತಿಳಿಯದೇ ಎಂದು ಜೊತೆಯವರು ಗೇಲಿ ಮಾಡಿದರು. ಮೇಡಂ ಎಲ್ಲರೂ ಹೋಗುವವರೆಗೆ ಕಾದು ಅವನನ್ನು ಕರೆದು ಕೇಳಿದರು: “ಕೆಂಪು ನಿನಗೆ ಹೇಗೆ ಕಾಣುತ್ತೆ?”

ಅವನು ಬಾಗಿಲ ಕಡೆ ನೋಡಿದ. “ದೂರದಿಂದ ಕಪ್ಪಿನ ಹಾಗೇ ಮೇಡಂ. ದಯವಿಟ್ಟು ಯಾರಿಗೂ ಹೇಳಬೇಡಿ.”

“ಹೇಳಲ್ಲ. ಕಣ್ಣಿನ ಕೆಲಸಕ್ಕೆ ಬೇಕಾದಷ್ಟು ಜನ ಇದಾರೆ. ನಾಳೆಯಿಂದ ನೀನು ಕಿವಿ ಕೊಡು.”

ಆ ವರ್ಷದ ಕೊನೆಗೆ, ಬಡಿತ ಕೇಳಿಯೇ ಜಾತಿ ಹೇಳಬಲ್ಲವನಾಗಿ ಅವನು ತಯಾರಾದ. ಅವನಿಗೆ ‘ಕಿವಿ’ ಎಂಬ ಅಡ್ಡಹೆಸರು ಬಿತ್ತು. ಅದು ಬಂದ ಕಾರಣ ಜೊತೆಯವರಿಗೆ ತಿಳಿದದ್ದು ಬಹಳ ಕಾಲದ ಮೇಲೆ, ಅದೂ ಅವನೇ ನಗುತ್ತ ಹೇಳಿದಾಗ. ಇಲ್ಲಿ ಬರೆಯಲು ಅನುಮತಿ ಕೊಟ್ಟವನೂ ಅವನೇ.

ಮೇಡಂ ಅವರ ಸೇವೆಯ ಮಧ್ಯಭಾಗದಲ್ಲಿ ನಡೆದ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆಗ ಅವರು ಒಂದೇ ಜೋಡಿಯ ಗೃಹಕೃತ್ಯವನ್ನು, ಕೊರೆಯುವ ಮೊದಲ ದಿನದಿಂದ ಮರಿ ಹಾರುವ ದಿನದವರೆಗೆ, ನಡುವೆ ಎಲ್ಲೂ ತುಂಡಾಗದಂತೆ ದಾಖಲಿಸಲು ಹೊರಟಿದ್ದರು. ಯಾವ ಹೊತ್ತಿನಲ್ಲಿ ಯಾರು ಬಂದರು, ಕೊಕ್ಕಿನಲ್ಲಿ ಏನಿತ್ತು, ಕಾವಿನ ಸರದಿ ಯಾರದು, ಎಲ್ಲವೂ ಬೇಕಿತ್ತು. ಮೊದಲು ಆರಿಸಿಕೊಂಡ ಗೂಡನ್ನು ಮೈನಾಗಳು ಕಸಿದುಕೊಂಡಿದ್ದವು. ಮುಂದಿನ ವರ್ಷದ್ದಕ್ಕೆ ಹಾವು ಹೊಕ್ಕಿತ್ತು. ಮೂರನೆಯ ಸಲ ಅದೃಷ್ಟ ಕಿಟಕಿಯೆದುರಿಗೇ ಬಂತು. ಹೊಂಬೆನ್ನಿನ ಜೋಡಿಯೊಂದು ಹಿತ್ತಿಲಿನ ಒಣಮರದಲ್ಲಿ ಮನೆ ಹೂಡಿತು. ಮಳೆನೀರು ಒಳಗೆ ಇಳಿಯದಂತೆ ಗೋಡೆಯ ಕಡೆಗೆ ವಾಲಿದ್ದ ಕಾಂಡದ ಕೆಳಮೈಯಲ್ಲಿ ಬಾಯಿ ಕೊರೆದಿದ್ದವು. ಕಿಟಕಿಯಿಂದ ಓರೆಯಾಗಿಯಾದರೂ ಕಾಣುತ್ತಿತ್ತು. ಮೊಟ್ಟೆಗಳು ಒಡೆದವು. ಮರಿಗಳು ಒಂದೇ ಸಮನೆ ಗುಂಯ್‌ಗುಡುವ ಸದ್ದು ಪಾಠದ ನಡುವೆಯೂ ಕೇಳತೊಡಗಿತು. ಇನ್ನು ಕೆಲವು ದಿನ ಕಳೆದರೆ ಕೆಲಸ ಪೂರ್ಣ.

ಅಷ್ಟರಲ್ಲಿ ಬಿರುಗಾಳಿ ಬೀಸಿತು. ಬೆಳಿಗ್ಗೆ ನೋಡಿದರೆ ಮರದ ಬುಡ ಬಿರಿದು, ಮೇಲಿನ ಕೊಂಬೆ ಕಾರಿಡಾರಿನ ಮಾಡಿಗೆ ಒರಗಿತ್ತು. ಪ್ರಾಂಶುಪಾಲರು ಬಂದು ನಿಂತರು.

“ಮೇಡಂ, ನಿಮ್ಮ ಹಕ್ಕಿಗೆ ಮರ ಬೇಕು, ಒಪ್ಕೋತೀನಿ. ನನಗೆ ಮಕ್ಕಳ ತಲೆ ಬೇಕು. ಇವತ್ತೇ ಕಡಿಸ್ತೀನಿ.”

“ಕಡಿಸಿ ಸರ್. ಎಲ್ಲಿ ಕಡೀಬೇಕು ಅನ್ನೋದು ಮಾತ್ರ ನಾನು ಹೇಳ್ತೀನಿ.”

ಗೂಡಿರುವ ಭಾಗವನ್ನು ಕೆಳಗೂ ಮೇಲೂ ಸಾಕಷ್ಟು ಉದ್ದ ಬಿಟ್ಟು ಇಡಿಯಾಗಿ ಕತ್ತರಿಸಿ, ಹಗ್ಗದಲ್ಲಿ ಇಳಿಸಿ, ಪಕ್ಕದ ಕಬ್ಬಿಣದ ಕಂಬಕ್ಕೆ ನೆಟ್ಟಗೆ ಕಟ್ಟಿ ನಿಲ್ಲಿಸುವುದು ಅವರ ಯೋಜನೆ. ಮರ ಕಡಿಯುವವನು ತಲೆ ಕೆರೆದುಕೊಂಡ.

“ಅಮ್ಮಾ, ನಾನು ಮರ ಕಡಿಯೋನು. ಬಾಣಂತನ ಮಾಡೋನಲ್ಲ.”

“ಇವತ್ತೊಂದು ದಿನ ಎರಡೂ ಮಾಡಪ್ಪ.”

ಗೂಡಿನ ಬಾಯಿಗೆ ಬಟ್ಟೆ ತುರುಕಿ, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಕಾಂಡವನ್ನು ಇಳಿಸಿದ್ದಾಯಿತು. ಒಳಗೆ ಟೊಳ್ಳಾದ ಮರವಾದ್ದರಿಂದ ನಾಲ್ಕು ಜನರಿಗೆ ಭಾರವೆನಿಸಲಿಲ್ಲ. ಕಂಬಕ್ಕೆ ಒರಗಿಸಿ ಕಟ್ಟುವಾಗ ಮೇಡಂ ಕಿಟಕಿಯೊಳಗಿನಿಂದ ಕೈಸನ್ನೆ ಮಾಡಿದರು. “ಸ್ವಲ್ಪ ಈ ಕಡೆ... ಇನ್ನೂ ಸ್ವಲ್ಪ... ಹಾಂ, ಈಗ ಸರಿ.” ಬಟ್ಟೆ ತೆಗೆದಾಗ ಗೂಡಿನ ಬಾಯಿ ಕಿಟಕಿಗೆ ನೇರವಾಗಿತ್ತು. ಇಷ್ಟು ದಿನ ಕತ್ತು ಓರೆಮಾಡಿ ಕಂಡದ್ದು ಈಗ ಸಿನಿಮಾದ ಪರದೆಯಂತೆ ಎದುರಿಗೆ ಬಂತು. ವಿಭಾಗವೇ ಚಪ್ಪಾಳೆ ತಟ್ಟಿತು. ಮರ ಕಡಿಯುವವನು ಕೂಲಿ ತೆಗೆದುಕೊಂಡು ಹೊರಟುಹೋದ.

ತಾಯಿಹಕ್ಕಿ ಬಂತು. ಕಾಂಡದ ಗೋಡೆಯ ಕಡೆಯ ಮೈಗೆ ಕಚ್ಚಿಕೊಂಡು, ಮೊದಲು ಬಾಯಿ ಇದ್ದ ಜಾಗದಲ್ಲಿ ಮೇಲಕ್ಕೂ ಕೆಳಕ್ಕೂ ಕುಪ್ಪಳಿಸಿ, ಬರಿಯ ಮರವನ್ನು ಕುಟುಕಿ ನೋಡಿ ಹಾರಿಹೋಯಿತು. ತಂದೆಹಕ್ಕಿ ಬಂದು ಅದನ್ನೇ ಮಾಡಿತು. ಕೊಕ್ಕಿನ ತುಂಬ ತಂದದ್ದನ್ನು ಹಾಗೆಯೇ ಹೊತ್ತುಕೊಂಡು ಎರಡೂ ಬಂದವು, ಹುಡುಕಿದವು, ಹೋದವು. ಮರಿಗಳ ಸದ್ದು ಮೊದಲು ಜೋರಾಗಿ, ಬರಬರುತ್ತ ತೆಳ್ಳಗಾಯಿತು.

“ಇನ್ನೊಂದು ಸ್ವಲ್ಪ ಕಾಯೋಣ ಮೇಡಂ,” ಎಂದರು ಕಿರಿಯ ಉಪನ್ಯಾಸಕರೊಬ್ಬರು. “ಅಭ್ಯಾಸ ಆಗುತ್ತೆ.”

ಮೇಡಂ ಕಂಬದ ಕಡೆಗೇ ನೋಡುತ್ತಿದ್ದರು. ಕಾಂಡವನ್ನು ಮೊದಲಿದ್ದ ದಿಕ್ಕಿಗೆ ತಿರುಗಿಸಿದರೆ ಕಂಬವೂ ಕಾಂಡವೂ ಅಡ್ಡ ಬಂದು ಬಾಯಿ ಕಿಟಕಿಗೆ ಪೂರ್ತಿ ಮರೆಯಾಗುತ್ತಿತ್ತು. ಗೋಡೆಯ ಸಂದಿಯಲ್ಲಿ ಮನುಷ್ಯರು ಕುಳಿತರೆ ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಮೂರು ವರ್ಷ ಕಾದ ದಾಖಲೆ ತುದಿ ಮುಟ್ಟುವ ಹೊತ್ತಿನಲ್ಲಿ ತುಂಡಾಗುತ್ತದೆ. ಬೇರೆ ಯಾರಾದರೂ ಬಾಯಿಯನ್ನು ಸಹಜವಾಗಿಯೇ ಹಿಂದಿದ್ದ ಕಡೆಗೆ ಬಿಡುತ್ತಿದ್ದರು. ನೋಡುವುದನ್ನೇ ಕಸುಬು ಮಾಡಿಕೊಂಡವರಿಗೆ ಮಾತ್ರ ಅದನ್ನು ತಮ್ಮ ಕಿಟಕಿಗೆ ತಿರುಗಿಸಿಕೊಳ್ಳುವ ಬುದ್ಧಿ ಬರುತ್ತದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಭ್ಯಾಸ ಆಗೋದು ನಮಗೆ. ಅವಕ್ಕೆ ಹಸಿವಾಗುತ್ತೆ. ತಿರುಗಿಸಿ.”

ಬೇಸಿಗೆ ರಜೆ ಆಗಷ್ಟೇ ಶುರುವಾಗಿತ್ತು, ಮರ ಕಡಿಯುವವನೂ ಹೋಗಿಯಾಗಿತ್ತು. ಬಲವಿದ್ದ ಕೈಗಳು ಸಾಲಲಿಲ್ಲ. ಸುದ್ದಿ ಕೇಳಿ ಯಜಮಾನರು ಬಿಳಿ ಕೋಟಿನಲ್ಲೇ ಓಡಿ ಬಂದರು.

“ಅರ್ಧ ಹಲ್ಲು ಕೊರೆದು ಬಾಯಿಗೆ ಹತ್ತಿ ಇಟ್ಟು ಬಂದಿದೀನಿ ಕಣೇ. ಬೇಗ ಹೇಳು, ಏನು ಮಾಡ್ಬೇಕು?”

“ಮನೇಲಿ ಗ್ಯಾಸ್ ಸಿಲಿಂಡರ್ ಹೊರಳಿಸ್ತೀರಲ್ಲ, ಹಾಗೇ. ಅಲ್ಲಾಡಿಸಬೇಡಿ.”

“ಮನೇಲಿ ಹೊರಳಿಸೋಳು ನೀನು.”

“ಹಾಗಾದ್ರೆ ನನ್ನನ್ನ ನೋಡ್ಕೊಂಡು ಮಾಡಿ.”

ಹಗ್ಗ ಸಡಿಲಿಸಿ, ಗಂಡಹೆಂಡತಿ ಎದುರುಬದುರು ಅಪ್ಪಿ ಹಿಡಿದು, ಉಳಿದವರು ಬುಡಕ್ಕೆ ಕೈಕೊಟ್ಟು, ಕಾಂಡವನ್ನು ನಿಂತಲ್ಲೇ ಹೊರಳಿಸಿದರು. ಬಾಯಿ ಗೋಡೆಯ ಕಡೆಗೆ ತಿರುಗಿತು. ಎಲ್ಲರೂ ಕೋಣೆಯೊಳಗೆ ಬಂದು ಕುಳಿತರು. ಈಗ ಕಿಟಕಿಯಿಂದ ಕಾಣುತ್ತಿದ್ದುದು ಬರಿಯ ಮರದ ಬೆನ್ನು. ತಂಡದಲ್ಲಿದ್ದ ‘ಕಿವಿ’ ಕಿಟಕಿಯ ಸರಳಿಗೆ ಹಣೆಯೊತ್ತಿ ಕಣ್ಣು ಮುಚ್ಚಿಕೊಂಡ.

“ಬಂತು,” ಎಂದ ಅವನು. “ಉಗುರು ಕಚ್ಚಿದ ಸದ್ದು... ಮೇಲೆ ಹತ್ತುತ್ತಾ ಇದೆ... ಮರಿಗಳು ಜೋರಾದ್ವು...” ಆಮೇಲೆ ಅವನ ಮುಖ ಅರಳಿತು. “ನಿಂತುಹೋಯ್ತು ಮೇಡಂ!”

ಯಜಮಾನರು ಗಾಬರಿಯಾದರು. “ಅಯ್ಯೋ, ಯಾಕೆ ನಿಂತಿತು?”

“ಬಾಯಲ್ಲಿ ತುತ್ತಿದ್ರೆ ಹೇಗೆ ಕೂಗ್ತಾವೆ ರೀ?” ಎಂದು ಮೇಡಂ ಕನ್ನಡಕಕ್ಕಾಗಿ ಮೇಜನ್ನು ತಡಕಾಡಿದರು. ಕನ್ನಡಕ ಕಣ್ಣೆದುರಿಗೇ ಇತ್ತು.

“ಬಾಯಿ ಅಂದಾಗ ನೆನಪಾಯ್ತು, ನನ್ನ ರೋಗಿ!” ಎಂದು ಯಜಮಾನರು ಓಡಿದರು.

ಆ ಮರಿಗಳ ಮೊದಲ ಹಾರಾಟವನ್ನು ಯಾರೂ ನೋಡಲಿಲ್ಲ. ಒಂದು ಬೆಳಿಗ್ಗೆ ಗೋಡೆಯಾಚೆಯ ಮರದಲ್ಲಿ ಎಳೆಯ ದನಿಗಳು ಕೇಳಿಸಿದವು, ಅಷ್ಟೇ. ಮುಂದೆ ಪ್ರಕಟವಾದ ಮೇಡಂ ಅವರ ಪ್ರಬಂಧದಲ್ಲಿ ಕೊನೆಯ ದಿನಗಳ ಕೋಷ್ಟಕ ಖಾಲಿಯಿದೆ. ಅದರ ಕೆಳಗೆ ಒಂದೇ ಸಾಲು: ‘ಈ ಅವಧಿಯಲ್ಲಿ ವೀಕ್ಷಣೆ ಇಲ್ಲ, ಗೂಡಿನ ಬಾಯಿ ನಮ್ಮ ಕಡೆಗೆ ಇರಲಿಲ್ಲ.’ ವೈಜ್ಞಾನಿಕ ಪ್ರಬಂಧದಲ್ಲಿ ಇಂಥ ವಾಕ್ಯ ಸಲ್ಲದೆಂದು ಸಂಪಾದಕರು ಬರೆದರಂತೆ. ಖಾಲಿಯಿರುವುದಕ್ಕೆ ನಿಜವಾದ ಕಾರಣ ಅದೇ ಆದ್ದರಿಂದ ಅದು ಇರಲೇಬೇಕೆಂದು ಮೇಡಂ ಮರಳಿ ಬರೆದರು. ಸಾಲು ಉಳಿಯಿತು.

ಆಮೇಲಿನ ವರ್ಷಗಳಲ್ಲಿ ಅವರು ನಗರದ ಉದ್ಯಾನಗಳನ್ನು ನೋಡಿಕೊಳ್ಳುವವರ ಬೆನ್ನುಹತ್ತಿ, ಅಪಾಯವಿಲ್ಲದ ಕಡೆ ಒಣಕೊಂಬೆಗಳನ್ನು ಉಳಿಸುವಂತೆ ಒಪ್ಪಿಸಿದರು. ಮರಕುಟಿಗ ಬಿಟ್ಟುಹೋದ ಮನೆಯಲ್ಲಿ ಗಿಳಿ, ಗೂಬೆ, ಅಳಿಲುಗಳು ಬಾಡಿಗೆಯಿಲ್ಲದೆ ಬದುಕುತ್ತವೆ, ಆದ್ದರಿಂದ ಒಂದು ಒಣಮರ ಒಂದು ವಠಾರವೇ ಎಂಬ ಅವರ ಮಾತು ಈಗ ಉದ್ಯಾನದ ಮಾಲಿಗಳ ಬಾಯಲ್ಲೂ ಇದೆ. ಕಿವಿ ಧ್ವನಿಮುದ್ರಣದ ಕೆಲಸದಲ್ಲಿ ಹೆಸರು ಮಾಡಿದ್ದಾನೆ. ಯಜಮಾನರು ದವಾಖಾನೆ ಮುಚ್ಚಿದ್ದಾರೆ. ಹಳೆಯ ಕನ್ನಡಿಗಳನ್ನೆಲ್ಲ ತಾವಾಗಿಯೇ ಹೆಂಡತಿಗೆ ಒಪ್ಪಿಸಿದ್ದಾರೆ.

ಆ ಕಾಂಡ ಇಂದು ವಿಭಾಗದ ವಸ್ತುಸಂಗ್ರಹದಲ್ಲಿದೆ. ಕಳೆದ ವಾರ ಬೀಳ್ಕೊಡುಗೆಯ ಸಿದ್ಧತೆ ನಡೆದಾಗ ಅದನ್ನು ಒರೆಸಿ, ಬಾಗಿಲಿಗೆ ಬಂದವರಿಗೆ ಥಟ್ಟನೆ ಕಾಣುವಂತೆ ಗೂಡಿನ ಬಾಯಿಯನ್ನು ಮುಂದೆ ಮಾಡಿ, ಮೇಲೆ ಒಂದು ದೀಪವನ್ನೂ ಹಾಕಲಾಗಿತ್ತು. ಮೇಡಂ ಬಂದರು, ನೋಡಿದರು, ಎಲ್ಲರನ್ನೂ ಹೊಗಳಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಯಜಮಾನರ ಕಡೆಗೆ ತಿರುಗಿದರು.

“ಬನ್ನಿ, ಒಂದು ಕೈ ಹಿಡೀರಿ. ಸಿಲಿಂಡರ್.”

ಈ ಸಲ ಹೇಗೆ ಹೊರಳಿಸಬೇಕೆಂದು ಯಜಮಾನರು ಕೇಳಲಿಲ್ಲ. ಬಾಯಿ ಗೋಡೆಯ ಕಡೆಗೆ ತಿರುಗಿತು. “ಬಂದವರಿಗೆ ಏನೂ ಕಾಣಲ್ಲವಲ್ಲ ಮೇಡಂ?” ಎಂದು ಯಾರೋ ಕೇಳಿದರು.

“ಬೇಕಾದವರು ಸುತ್ತಿಕೊಂಡು ಬಂದು ನೋಡಲಿ,” ಎಂದರು ಮೇಡಂ.

ಮೇಡಂ ಅವರಿಗೂ ಅವರ ಯಜಮಾನರಿಗೂ ಆಯುರಾರೋಗ್ಯಗಳು ತುಂಬಿರಲಿ. ಮಡಚುವ ಸ್ಟೂಲು ಇನ್ನೂ ಬಹುಕಾಲ ಅಟ್ಟ ಸೇರದಿರಲಿ. ನಾಳೆಯಿಂದ ಅವರು ಯಾವ ಕಿಟಕಿಗೆ, ಯಾವ ಮರಕ್ಕೆ ಮುಖ ಮಾಡಿ ಕುಳಿತುಕೊಳ್ಳುತ್ತಾರೋ ಅದು ಅವರ ಇಷ್ಟ. ನಮ್ಮ ಕಡೆಗೆ ತಿರುಗಬೇಕೆಂದು ಕೇಳುವುದಿಲ್ಲ. ನಾವೇ ಸುತ್ತಿಕೊಂಡು ಬರುತ್ತೇವೆ.