ಕಾಯಿ ತಿನ್ನದವರು

ನನ್ನ ಗಂಡ ತೀರಿಕೊಂಡು ಬರುವ ತಿಂಗಳಿಗೆ ವರ್ಷವಾಗುತ್ತದೆ. ಸಮಾಧಾನ ಹೇಳಲು ಬಂದವರು ಬಹಳ ಜನ. ನಾನು ಬಳೆ ಹಾಕಿಕೊಳ್ಳಬಹುದೋ ಬೇಡವೋ, ಸಮಾಧಿಗೆ ಕಲ್ಲು ಹಾಕಿಸಬೇಕೋ ಬರೀ ಶಿಲುಬೆ ಸಾಕೋ, ಯಾವ ಚರ್ಚಿನ ಸಭೆಯವರ ಪ್ರಾರ್ಥನೆ ಸರಿ, ಫೋಟೋಗೆ ಹಾರ ಹಾಕಿದ್ದು ತಪ್ಪೋ ಎಂದೆಲ್ಲ ಮಾತಾಡಿ, ಕಾಫಿ ಕುಡಿದು ಹೋಗುತ್ತಾರೆ. ನಾನು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿರುತ್ತೇನೆ. ಎದ್ದು ಹೋಗುವ ಹಾಗಿಲ್ಲ. ಆಗೆಲ್ಲ ತುರುವೇಕೆರೆ ಕಡೆಯ ಆ ಮನೆ ನೆನಪಾಗುತ್ತದೆ. ಅಲ್ಲಿಯೂ ಹಾಗೇ ಇತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮವರಿಗೆ ದಬ್ಬೇಘಟ್ಟದ ಹತ್ತಿರದ ಒಂದು ಹಳ್ಳಿಯ ಪಶು ಆಸ್ಪತ್ರೆಗೆ ಕಾಂಪೌಂಡರ್ ಆಗಿ ವರ್ಗವಾಯಿತು. ಕ್ರೈಸ್ತರು ಎಂದ ಮೇಲೆ ಮನೆ ಕೊಡುವವರು ಸಿಗಲಿಲ್ಲ. ಕೊನೆಗೆ ಒಬ್ಬ ಗೌಡರು, ಕರು ಹಾಕಲಾರದೆ ಕಷ್ಟದಲ್ಲಿದ್ದ ತಮ್ಮ ಹಸುವನ್ನೂ ಅದರ ಕರುವನ್ನೂ ನಮ್ಮವರು ಉಳಿಸಿಕೊಟ್ಟರೆಂದು, ತಮ್ಮ ಮನೆಯ ಹಿಂಭಾಗದ ಎರಡು ಕೋಣೆ ಬಿಟ್ಟುಕೊಟ್ಟರು. ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ತೆಂಗಿನಕಾಯಿ. ಇದ್ದ ಒಂದು ಕಿಟಕಿಗೆ ಎದುರಾಗಿ ಕೊಟ್ಟಿಗೆಯ ಗೋಡೆ. ನಮಗೆ ಬೇರೆ ಬಾಗಿಲಿರಲಿಲ್ಲ. ನೀರಿಗೆ ಹೋಗಲಿ, ಅಂಗಡಿಗೆ ಹೋಗಲಿ, ಗೌಡರ ನಡುಮನೆ ಹಾದು, ಜಗಲಿ ಇಳಿದೇ ಹೋಗಬೇಕು. ಸಂಜೆಯಾದರೆ ಆ ಜಗಲಿಯಲ್ಲಿ ಗೌಡರೂ ಊರಿನ ನಾಲ್ಕೈದು ಜನರೂ ಇದ್ದೇ ಇರುತ್ತಿದ್ದರು.

ನಾವು ಬಂದ ಮೊದಲ ಶುಕ್ರವಾರ ಗೌಡರ ಹೆಂಡತಿ ಪೂಜೆ ಮುಗಿಸಿ, ಒಡೆದ ಕಾಯಿಯ ಹೋಳು, ಬಾಳೆಹಣ್ಣು ತಟ್ಟೆಯಲ್ಲಿಟ್ಟು ತಂದರು. ನಮ್ಮವರು ಕೈಮುಗಿದು, ಪೂಜೆಗೆ ಇಟ್ಟಿದ್ದನ್ನು ನಾವು ತಿನ್ನುವುದಿಲ್ಲ, ತಪ್ಪು ತಿಳಿಯಬೇಡಿ ಎಂದರು. ಆಯಮ್ಮ ತಪ್ಪು ತಿಳಿಯಲಿಲ್ಲ. ಆದರೆ ಮಾರನೆಯ ದಿನಕ್ಕೆ ಊರಿಗೆಲ್ಲ ನಾವು ಕಾಯಿ ತಿನ್ನದವರಾಗಿದ್ದೆವು. ಎತ್ತ ನೋಡಿದರೂ ತೆಂಗಿನ ತೋಟವಿರುವ ಸೀಮೆಯಲ್ಲಿ ಇದಕ್ಕಿಂತ ವಿಚಿತ್ರ ಇನ್ನೇನು ಬೇಕು.

"ಅಲ್ಲ ಕಾಂಪೌಂಡ್ರೇ, ಒಡೆದ ಕಾಯಿ ತಿನ್ನಲ್ಲ ಅಂತೀರಿ," ಎಂದು ಜಗಲಿಯಲ್ಲಿದ್ದ ಪಕ್ಕದ ಮನೆಯವನು ಕೇಳಿದ. "ಒಡೀದೆ ಹೆಂಗ್ ತಿಂತೀರಿ?"

ಎಲ್ಲರೂ ನಕ್ಕರು, ನಮ್ಮವರೂ ನಕ್ಕರು. ಆಮೇಲೆ ಕೂತು ವಿವರಿಸಿದರು.

ಅಲ್ಲಿಂದ ಶುರುವಾಯಿತು. ನಿಮ್ಮ ಹೆಂಗಸರು ಕುಂಕುಮ ಯಾಕೆ ಇಡುವುದಿಲ್ಲ, ಜಾತಕ ನೋಡದೆ ಮದುವೆ ಹೇಗೆ ಮಾಡುತ್ತೀರಿ, ನಿಮ್ಮ ಚರ್ಚಿನಲ್ಲಿ ಹೆಂಡ ಕೊಡುತ್ತಾರಂತಲ್ಲ ಎಂದು ದಿನಕ್ಕೊಂದು. ನಮ್ಮವರು ಮಿಷನ್ ಹಾಸ್ಟೆಲಿನಲ್ಲಿ ಓದಿದವರು, ಎಲ್ಲಕ್ಕೂ ಅವರಲ್ಲಿ ಉತ್ತರವಿತ್ತು. ಒಳಗೆ ಮುದ್ದೆ ತಿರುವುತ್ತ ನಾನು ಕೇಳಿಸಿಕೊಳ್ಳುತ್ತಿದ್ದೆ. ಇವತ್ತು ಜಗಲಿಯವರ ಬಾಯಿ ಮುಚ್ಚಿಸಿದೆ ಎಂದು ನಮ್ಮವರು ಖುಷಿಯಿಂದ ಊಟಕ್ಕೆ ಬರುತ್ತಿದ್ದರು. ಬರಬರುತ್ತ ಆ ಖುಷಿ ಹೋಯಿತು. ಆಸ್ಪತ್ರೆಯಿಂದ ಬರುವಾಗ, ಜಗಲಿ ಖಾಲಿಯಾಗಲೆಂದು ಕೆರೆಯ ಏರಿಯ ಮೇಲೆ ಕತ್ತಲಾಗುವ ತನಕ ಸೈಕಲ್ ನಿಲ್ಲಿಸಿಕೊಂಡು ಇರುತ್ತಿದ್ದರು. ಮಾತಿಗೇ ಕೂರಬೇಡಿ ಎಂದರೆ, ಅವರು ಕೇಳಿದ್ದಕ್ಕೆ ಉತ್ತರ ಹೇಳದೆ ಹೇಗಿರಲಿ ಎನ್ನುತ್ತಿದ್ದರು. ಇಷ್ಟೆಲ್ಲ ಮಾತಾಗಿಯೂ ಊರಿಗೆ ನಮ್ಮ ವಿಷಯ ಗೊತ್ತಾದದ್ದು ನಾವು ಏನು ತಿನ್ನುವುದಿಲ್ಲ, ಏನು ಇಡುವುದಿಲ್ಲ, ಎಲ್ಲಿಗೆ ಹೋಗುವುದಿಲ್ಲ ಎಂಬುದಷ್ಟೇ. ಯೇಸುಸ್ವಾಮಿಯ ಹೆಸರು ಆ ಜಗಲಿಯಲ್ಲಿ ಬಂದದ್ದೇ ಕಡಿಮೆ.

ಗೌಡರು ಮಾತ್ರ ಹೆಚ್ಚು ಕೇಳಿದವರಲ್ಲ. ನಾವು ಬರುವುದಕ್ಕೆ ಮುಂಚಿನ ಮಳೆಗಾಲದಲ್ಲಿ ಅವರ ದೊಡ್ಡ ಮಗ ತೆಂಗಿನ ಮರದಿಂದ ಬಿದ್ದು ತೀರಿಕೊಂಡಿದ್ದ. ನಮಗೆ ಗೊತ್ತಿದ್ದದ್ದು ಅಷ್ಟೇ. ವರ್ಷದ ತಿಥಿ ಹತ್ತಿರ ಬಂದಾಗ ಒಂದು ಸಂಜೆ ಅವರೇ ಬಾಯಿಬಿಟ್ಟರು.

"ನಿಮ್ಮಲ್ಲಿ ಸತ್ತೋರಿಗೆ ಎಡೆ ಇಡಲ್ವಂತಲ್ಲ. ಅವ್ರು ಸಿಟ್ ಮಾಡ್ಕಳಲ್ವಾ?"

ನಮ್ಮವರು ಎಡೆ ಯಾಕೆ ಇಡುವುದಿಲ್ಲ ಎಂದು ಒಂದೊಂದೇ ಕಾರಣ ಹೇಳಿದರು. ಚೆನ್ನಾಗಿಯೇ ಹೇಳಿದರು. ಗೌಡರು ಎದ್ದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಒರಳಿನ ಹತ್ತಿರ ಗೌಡರ ಹೆಂಡತಿ ನನ್ನ ಪಕ್ಕ ಬಂದು ಕೂತರು.

"ನಿಮ್ಮೆಜಮಾನ್ರಿಗೆ ಹೇಳವ್ವ, ನಮ್ಮೋರು ಕೇಳಿದ್ದು ಎಡೆ ವಿಚಾರ ಅಲ್ಲ. ಮಗ ಬಿದ್ದ ದಿನ ನೆಂಟ್ರು ಬಂದಿದ್ರು. ಎಳನೀರು ಇಳಿಸು ಅಂತ ನಮ್ಮೋರು ಅವನ್ಗೆ ಅಂದ್ರು. ಮಳೆ ಹನಿದದೆ, ಮರ ಜಾರ್ತದೆ ಕಣಪ್ಪ ಅಂದ ಮಗ. ನೀನೇನ್ ಹೆಂಗ್ಸೇನ್ಲಾ ಅಂದ್ಬುಟ್ರು, ಅಷ್ಟು ಜನದ ಮುಂದೆ. ಹತ್ತಿದ." ಒರಳಿನ ಅಂಚಿಗೆ ಬಂದದ್ದನ್ನು ಕೈಯಲ್ಲಿ ಒಳಗೆ ತಳ್ಳುತ್ತ ಹೇಳಿದರು: "ಆ ಮಾತ್ನ ಇವತ್ತಿನ್ ತಂಕ ನನ್ ಮುಂದೂ ಆಡಿಲ್ಲ. ನಾನ್ ಒಳಗಿಂದ ಕೇಳುಸ್ಕಂಡೆ ಅಂತ್ಲೂ ಅವ್ರಿಗೆ ಗೊತ್ತಿಲ್ಲ."

ನಾನು ಮಧ್ಯಾಹ್ನ ಊಟಕ್ಕೆ ಬಂದ ನಮ್ಮವರಿಗೆ ಹೇಳಿದೆ. ಅವರು ತುತ್ತು ಕೈಯಲ್ಲೇ ಹಿಡಿದುಕೊಂಡು ಕೂತರು. "ನಾನು ಅವರಿಗೆ ಉತ್ತರ ಕೊಟ್ಟೆ ಅಂದ್ಕೊಂಡಿದ್ದೆ," ಎಂದರು.

ಅಂದು ಸಂಜೆ ಕೆರೆಯ ಏರಿಯ ಮೇಲೆ ನಿಲ್ಲದೆ ನೇರ ಬಂದು, ತಾವಾಗಿಯೇ ಜಗಲಿಯಲ್ಲಿ ಗೌಡರ ಪಕ್ಕ ಕೂತರು. ಪಕ್ಕದ ಮನೆಯವನು ಎಂದಿನಂತೆ ಶುರುಮಾಡಿದ. ಅದಿರಲಿ ಕಣಪ್ಪ, ಇವತ್ತು ಒಂದು ಮಾತು ಹೇಳೋದಿದೆ ಎಂದು ಅವನನ್ನು ಸುಮ್ಮನಾಗಿಸಿ, ಗೌಡರ ಕಡೆ ತಿರುಗಿದರು.

"ಗೌಡ್ರೇ, ನಾನ್ ನಂಬಿರೋದು ಇಷ್ಟು. ನಾವು ಮಾಡಿದ ತಪ್ಪನ್ನ ನಾವೇ ತೀರಿಸೋಕಾಗಲ್ಲ. ಅದು ದೇವರಿಗೆ ಗೊತ್ತು. ಅದಕ್ಕೇ ಯೇಸುಸ್ವಾಮಿ ಅದನ್ನ ತನ್ನ ಮೇಲೆ ಹೊತ್ಕೊಂಡು ಶಿಲುಬೆ ಮೇಲೆ ಸತ್ತರು. ಮೂರನೇ ದಿನ ಎದ್ದರು. ಕೇಳಿದೋರಿಗೆ ಕ್ಷಮೆ ಇದೆ. ಮಿಕ್ಕಿದ್ದೆಲ್ಲ ಆಮೇಲಿಂದು."

ಹುಟ್ಟಿದಾಗಿನಿಂದ ನಾನು ಆ ಮಾತು ಕೇಳಿದ್ದೇನೆ. ನಮ್ಮವರು ತೀರಿಕೊಂಡ ಮೇಲೆ ಮನೆಗೆ ಬಂದ ಯಾರೂ ಅಷ್ಟನ್ನು ನನಗೆ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದೇ ಎಂದುಕೊಂಡರೋ ಏನೋ. ನನಗೆ ಬೇಕಾಗಿದ್ದದ್ದು ಅದೊಂದೇ.

"ಹಂಗಾರೆ ನಾವು ಜಾತಿ ಬುಡ್ಬೇಕಾ?" ಎಂದ ಪಕ್ಕದ ಮನೆಯವನು. ಬೇರೆ ದಿನವಾಗಿದ್ದರೆ ಅದೇ ಒಂದು ಗಂಟೆಯ ಮಾತು. ನಮ್ಮವರು ಅವನ ಕಡೆ ತಿರುಗಲಿಲ್ಲ.

ಗೌಡರು ನೆಲ ನೋಡುತ್ತಿದ್ದರು. "ಅದ್ಕೆ ನಾವೇನ್ ಮಾಡ್ಬೇಕು? ಹರಕೆನಾ?"

"ಏನೂ ಇಲ್ಲ ಗೌಡ್ರೇ. ಕೊಡಬೇಕಾದ್ದನ್ನ ಯೇಸುಸ್ವಾಮಿನೇ ಕೊಟ್ಟಾಗಿದೆ."

"ಪುಕ್ಕಟೆ ಬರೋದು ನಂಗ್ ಬ್ಯಾಡ," ಎಂದು ಗೌಡರು ಟವಲು ಕೊಡವಿ ತೋಟದ ಕಡೆ ಹೋಗಿಬಿಟ್ಟರು.

ಆಮೇಲಿನ ದಿನಗಳು ಬಹಳ ಕೆಟ್ಟವು. ಗೌಡರು ನಮ್ಮನ್ನು ಮಾತಾಡಿಸಲಿಲ್ಲ. ಮನೆ ಬಿಡಿ ಎಂದರೆ ಆ ಊರಿನಲ್ಲಿ ನಮಗೆ ಇನ್ನೊಂದು ಸೂರಿರಲಿಲ್ಲ. ನಡುಮನೆ ದಾಟುವಾಗ ಕೊಡದ ನೀರು ತುಳುಕಿದ ಸದ್ದಿಗೂ ನಾನು ಹೆದರುತ್ತಿದ್ದೆ. ತಿಥಿಯ ದಿನ ನಡುಮನೆಯ ತುಂಬ ನೆಂಟರು, ಎಡೆಯ ಎಲೆಗಳು. ನಾವು ದಾಟಿ ಹೋಗುವಂತಿರಲಿಲ್ಲ. ಬಾಗಿಲು ಮುಂದೆಮಾಡಿಕೊಂಡು ಇಡೀ ದಿನ ಒಳಗೇ ಕೂತೆವು. ನಮ್ಮವರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೂರು ಹೆಜ್ಜೆ ಹಾಕುವುದು, ತಿರುಗುವುದು. ಅಟ್ಟದಲ್ಲಿ ಇಲಿ ಓಡಾಡಿ ಕಾಯಿ ಉರುಳಿದರೆ ಇಬ್ಬರೂ ಮೇಲೆ ನೋಡುವುದು.

ಗೌಡರು ನಮ್ಮ ಸಭೆಗೆ ಸೇರಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊನೆಗೆ ಅವರ ಮನಸ್ಸಿನಲ್ಲಿ ಏನು ಉಳಿಯಿತೋ ನನಗೆ ತಿಳಿಯದು. ತಿಳಿದಿರುವುದು ಆ ತಿಥಿಯ ಸಂಜೆ ನಡೆದದ್ದಷ್ಟೇ.

ನೆಂಟರೆಲ್ಲ ತಿಪಟೂರಿನ ಬಸ್ಸಿಗೆ ಹೊರಟ ಮೇಲೆ ನಾವು ಬಾಗಿಲು ತೆಗೆದೆವು. ಗೌಡರು ನಡುಮನೆಯಲ್ಲಿ ಒಬ್ಬರೇ ಕೂತಿದ್ದರು. ಅವರ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದರು.

"ಕಾಂಪೌಂಡ್ರೇ," ಎಂದರು ಗೌಡರು, "ಆ ಮಾತ್ನ ಇನ್ನೊಂದ್ ಸಲ ಹೇಳಿ."

ನಮ್ಮವರು ನಿಂತಲ್ಲೇ ಹೇಳಿದರು. ಜಗಲಿಯಲ್ಲಿ ಹೇಳಿದ್ದನ್ನೇ, ಏನೂ ಸೇರಿಸದೆ.

ಗೌಡರು ಹೆಗಲ ಮೇಲಿನ ಟವಲು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ, ಯಾರನ್ನೂ ನೋಡದೆ, "ನೀನೇನ್ ಹೆಂಗ್ಸೇನ್ಲಾ ಅಂದಿದ್ದೆ ಕಣ್ರೀ ನಾನು, ಅವನ್ಗೆ," ಎಂದರು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವರ ಹೆಂಡತಿ ಸೆರಗಿಗೆ ಕೈ ಒರಸಿಕೊಳ್ಳುತ್ತ ಬಂದು, ಗಂಡನ ಪಕ್ಕ ನೆಲದ ಮೇಲೆ ಕೂತರು.

"ನಂಗೊತ್ತು," ಎಂದರು.